ಮಂಜೂರಾತಿಯ ಚರಿತ್ರೆ: ಕೆನಡಾದ ಮೂಲನಿವಾಸಿಗಳ ಆರೋಗ್ಯ ಮತ್ತು ವಯಸ್ಕರ ಕಲಿಕೆಯ ಸಂಶೋಧನೆಗೆ ಹರಿದ ಹಣ

ಕೆನಡಾದ ಮೂಲನಿವಾಸಿಗಳ ಆರೋಗ್ಯ ಸಂಶೋಧನೆಗೆಂದೇ ಒಕ್ಕೂಟ ಸರ್ಕಾರದ ಒಂದು ಪ್ರತ್ಯೇಕ ಸಂಸ್ಥೆ ಹುಟ್ಟಿದ್ದು 2000ನೆಯ ಇಸವಿಯಲ್ಲಿ. ಅವರ ಕಲಿಕೆಯ ಅಧ್ಯಯನಕ್ಕೆ ಅಂಥದೊಂದು ನೆಲೆ ಒದಗಿದ್ದು ಅದಾದ ನಾಲ್ಕೈದು ವರ್ಷಗಳ ಮೇಲೆ. ಇದರರ್ಥ ಅಲ್ಲಿಯವರೆಗೆ ಸರ್ಕಾರ ಈ ಜನರ ಕುರಿತ ಸಂಶೋಧನೆಗೆ ಹಣವನ್ನೇ ಕೊಟ್ಟಿರಲಿಲ್ಲ ಎಂದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಅವರ ಶ್ವಾಸಕೋಶ, ರಕ್ತ, ಹಲ್ಲು, ಊಟದ ತಟ್ಟೆಗಳ ಮೇಲೆ ಅಧ್ಯಯನಗಳು ನಡೆದಿದ್ದವು, ಅವುಗಳಲ್ಲಿ ಹೆಚ್ಚಿನವು ಸರ್ಕಾರದ ಖರ್ಚಿನಲ್ಲೇ ನಡೆದಿದ್ದವು. ಆದರೆ ಅರ್ಜಿಗೆ ಯಾರ ಸಹಿ ಬೇಕು, ಬಂದ ಹಣ ಯಾರ ಖಾತೆಗೆ ಜಮೆಯಾಗಬೇಕು, ಕಲೆಹಾಕಿದ ಮಾಹಿತಿ ಯಾರ ಕಪಾಟಿನಲ್ಲಿ ಉಳಿಯಬೇಕು ಎಂಬ ಪ್ರಶ್ನೆಗಳನ್ನು ಆ ಜನರಿಗೆ ಯಾರೂ ಕೇಳಿರಲಿಲ್ಲ. ಸಂಶೋಧನೆಗೆ ಬಂದ ಹಣದ ಇತಿಹಾಸವೆಂದರೆ ಬಹುಮಟ್ಟಿಗೆ ಈ ಮೂರು ಪ್ರಶ್ನೆಗಳು ನಿಧಾನವಾಗಿ ಮೇಲೆದ್ದು ಬಂದ ಇತಿಹಾಸ. ಆ ಹಣ ಎಷ್ಟು ವರ್ಷ ಉಳಿದೀತು ಎಂಬ ನಾಲ್ಕನೆಯ ಪ್ರಶ್ನೆಗೆ ಮಾತ್ರ ಇಂದಿಗೂ ಪೂರ್ಣ ಉತ್ತರ ದೊರೆತಿಲ್ಲ.

ಕೆನಡಾದ ಸಂವಿಧಾನ ಗುರುತಿಸುವ ಮೂಲನಿವಾಸಿ ಜನವರ್ಗಗಳು ಮೂರು. ದೇಶದ ಉದ್ದಗಲಕ್ಕೆ ಹರಡಿದ ನೂರಾರು ಸಮುದಾಯಗಳ ಸಾಮೂಹಿಕ ಹೆಸರು ಫಸ್ಟ್ ನೇಷನ್ಸ್. ಉತ್ತರದ ಹಿಮಪ್ರದೇಶದವರು ಇನೂಯಿಟ್. ತುಪ್ಪುಳ ವ್ಯಾಪಾರದ ಕಾಲದಲ್ಲಿ ಯುರೋಪಿನ ಗಂಡಸರು ಮತ್ತು ಸ್ಥಳೀಯ ಹೆಂಗಸರ ಸಂತತಿಯಿಂದ ರೂಪುಗೊಂಡು ತನ್ನದೇ ಭಾಷೆ ಸಂಸ್ಕೃತಿಗಳನ್ನು ಬೆಳೆಸಿಕೊಂಡ ಜನಾಂಗ ಮೇಟಿ. ಹಳೆಯ ಕಾನೂನುಗಳು ಮೊದಲ ವರ್ಗದವರನ್ನು ‘ಇಂಡಿಯನ್’ ಎಂದೇ ಕರೆಯುತ್ತಿದ್ದವಾದ್ದರಿಂದ ಮುಂದೆ ಬರುವ ಇಂಡಿಯನ್ ಕಾಯಿದೆ, ಇಂಡಿಯನ್ ವ್ಯವಹಾರಗಳ ಇಲಾಖೆ ಮುಂತಾದ ಹೆಸರುಗಳಿಗೂ ಭಾರತಕ್ಕೂ ಸಂಬಂಧವಿಲ್ಲ.

1907ರಲ್ಲಿ ಆ ಇಲಾಖೆಯ ಮುಖ್ಯ ವೈದ್ಯಾಧಿಕಾರಿ ಪೀಟರ್ ಬ್ರೈಸ್ ಪಶ್ಚಿಮ ಪ್ರಾಂತ್ಯಗಳ ವಸತಿಶಾಲೆಗಳನ್ನು ಪರಿಶೀಲಿಸಿ ಒಂದು ವರದಿ ಕೊಟ್ಟರು. ವಸತಿಶಾಲೆಗಳೆಂದರೆ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ, ಅವರ ಭಾಷೆಯನ್ನು ನಿಷೇಧಿಸಿ, ಚರ್ಚುಗಳ ಆಡಳಿತದಲ್ಲಿ ಸರ್ಕಾರದ ಹಣದಿಂದ ನಡೆಯುತ್ತಿದ್ದ ಶಾಲೆಗಳು. ಬ್ರೈಸ್ ಕಳಿಸಿದ ಪ್ರಶ್ನಾವಳಿಗೆ ಉತ್ತರಿಸಿದ ಶಾಲೆಗಳ ಲೆಕ್ಕದಲ್ಲೇ, ಅಲ್ಲಿ ಓದಿದ್ದ ಮಕ್ಕಳಲ್ಲಿ ಶೇಕಡಾ 24ರಷ್ಟು ಮಂದಿ ತೀರಿಕೊಂಡಿದ್ದರು, ಬಹುಪಾಲು ಸಾವಿಗೆ ಕ್ಷಯ ಕಾರಣವಾಗಿತ್ತು. ಗಾಳಿ ಬೆಳಕಿನ ವ್ಯವಸ್ಥೆ, ಆಹಾರ, ವೈದ್ಯಕೀಯ ತಪಾಸಣೆಗಳಿಗೆ ಹಣ ಬೇಕೆಂದು ಅವರು ಶಿಫಾರಸು ಮಾಡಿದರು. ಇಲಾಖೆ ವೆಚ್ಚದ ನೆಪವೊಡ್ಡಿ ಅದನ್ನು ಪಕ್ಕಕ್ಕಿಟ್ಟಿತು. ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್ 1913ರಲ್ಲಿ ಇಲಾಖೆಯ ಮುಖ್ಯಸ್ಥರಾದ ಮೇಲೆ ಬ್ರೈಸ್ ಅವರ ವಾರ್ಷಿಕ ವೈದ್ಯಕೀಯ ವರದಿಗಳೇ ನಿಂತುಹೋದವು. ನಿವೃತ್ತರಾದ ಮರುವರ್ಷ, 1922ರಲ್ಲಿ, ಬ್ರೈಸ್ ಈ ಇಡೀ ಪ್ರಕರಣವನ್ನು ರಾಷ್ಟ್ರೀಯ ಅಪರಾಧವೆಂದು ಕರೆದು ಕಿರುಹೊತ್ತಗೆಯೊಂದನ್ನು ಸ್ವತಃ ಪ್ರಕಟಿಸಿದರು. ಸಂಶೋಧನೆಯ ಫಲಿತಾಂಶ ಸರ್ಕಾರದ ಮೇಲೆ ಖರ್ಚಿನ ಹೊಣೆ ಹೊರಿಸುವಂತಿದ್ದರೆ ಮೊದಲು ಕತ್ತರಿ ಬೀಳುವುದು ಸಂಶೋಧನೆಗೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಖರ್ಚು ಕಡಿಮೆ ಮಾಡುವ ಭರವಸೆಯಿದ್ದ ಸಂಶೋಧನೆಗೆ ಮಾತ್ರ ಹಣದ ತೊಡಕು ಬರಲಿಲ್ಲ. ಸಸ್ಕಾಚೆವಾನ್ ಪ್ರಾಂತ್ಯದ ಫೋರ್ಟ್ ಕಪೆಲ್‌ನಲ್ಲಿ 1933ರಿಂದ ಆರ್. ಜಿ. ಫರ್ಗ್ಯುಸನ್ ಎಂಬ ವೈದ್ಯರು ರಾಷ್ಟ್ರೀಯ ಸಂಶೋಧನಾ ಮಂಡಳಿಯ ನೆರವಿನಿಂದ ಮೂಲನಿವಾಸಿ ಹಸುಗೂಸುಗಳ ಮೇಲೆ ಬಿ.ಸಿ.ಜಿ. ಲಸಿಕೆಯ ಪರೀಕ್ಷೆ ನಡೆಸಿದರು. ಲಸಿಕೆ ಕ್ಷಯವನ್ನು ತಡೆಯಬಲ್ಲದೆಂದು ಸಿದ್ಧವಾಯಿತು; ಆದರೆ ಲಸಿಕೆ ಪಡೆದ ಗುಂಪಿನಲ್ಲೂ ಪಡೆಯದ ಗುಂಪಿನಲ್ಲೂ ಮಕ್ಕಳು ನ್ಯುಮೋನಿಯಾ ಮತ್ತು ವಾಂತಿಭೇದಿಗಳಿಂದ, ಅಂದರೆ ಬಡತನದ ಕಾಯಿಲೆಗಳಿಂದ, ಸಾಯುತ್ತಲೇ ಇದ್ದರು. ಇಕ್ಕಟ್ಟಾದ ಮನೆ, ಕೊಳಕು ನೀರು, ಅರೆಹೊಟ್ಟೆಗಳನ್ನು ಸರಿಪಡಿಸುವುದಕ್ಕಿಂತ ಒಂದು ಚುಚ್ಚುಮದ್ದು ಅಗ್ಗವಾಗಿತ್ತು.

ಇದೇ ಧೋರಣೆಯ ಅತ್ಯಂತ ಕರಾಳ ಅಧ್ಯಾಯ ಬೆಳಕಿಗೆ ಬಂದದ್ದು 2013ರಲ್ಲಿ, ಇಯಾನ್ ಮೋಸ್ಬಿ ಎಂಬ ಇತಿಹಾಸಕಾರರು 1942ರಿಂದ 1952ರವರೆಗಿನ ಕಡತಗಳನ್ನು ಶೋಧಿಸಿ ಬರೆದ ಲೇಖನದ ಮೂಲಕ. 1942ರಲ್ಲಿ ಉತ್ತರ ಮ್ಯಾನಿಟೋಬದ ನಾರ್ವೇ ಹೌಸ್ ಮುಂತಾದ ಕ್ರೀ ಜನರ ನೆಲೆಗಳಿಗೆ ಹೋದ ತಜ್ಞರು ಅಲ್ಲಿ ಹಸಿವು ತಾಂಡವವಾಡುತ್ತಿರುವುದನ್ನು ಕಣ್ಣಾರೆ ಕಂಡರು. ಆಹಾರ ಕಳಿಸಿರೆಂದು ಬರೆಯುವ ಬದಲು ಅವರು ಸುಮಾರು 300 ಮಂದಿಯನ್ನು ಆರಿಸಿ, ಅವರಲ್ಲಿ 125 ಮಂದಿಗೆ ಮಾತ್ರ ವಿಟಮಿನ್ ಮಾತ್ರೆ ಕೊಟ್ಟು, ಉಳಿದವರನ್ನು ಹೋಲಿಕೆಗೆಂದು ಹಾಗೆಯೇ ಬಿಟ್ಟರು. 1948ರಿಂದ ಲಯನೆಲ್ ಪೆಟ್ ಎಂಬ ಪೌಷ್ಟಿಕಾಂಶ ಅಧಿಕಾರಿಯ ನೇತೃತ್ವದಲ್ಲಿ ಆರು ವಸತಿಶಾಲೆಗಳ ಸುಮಾರು ಸಾವಿರ ಮಕ್ಕಳ ಮೇಲೆ ಐದು ವರ್ಷಗಳ ಪ್ರಯೋಗ ಶುರುವಾಯಿತು. ಪಶ್ಚಿಮ ಕರಾವಳಿಯ ಆಲ್ಬರ್ನಿ ಶಾಲೆಯಲ್ಲಿ ಮಕ್ಕಳಿಗೆ ಸಿಗುತ್ತಿದ್ದ ಹಾಲು ಸರ್ಕಾರವೇ ಶಿಫಾರಸು ಮಾಡಿದ್ದ ಪ್ರಮಾಣದ ಅರ್ಧಕ್ಕಿಂತ ಕಡಿಮೆಯೆಂದು ಗೊತ್ತಿದ್ದರೂ, ಮುಂದಿನ ಹೋಲಿಕೆಗೆ ಒಂದು ತಳಮಟ್ಟ ಬೇಕೆಂಬ ಕಾರಣಕ್ಕೆ ಅದನ್ನು ಎರಡು ವರ್ಷ ಅಷ್ಟರಲ್ಲೇ ಇರಿಸಿ, ಆಮೇಲಷ್ಟೇ ಮೂರು ಪಟ್ಟು ಹೆಚ್ಚಿಸಲಾಯಿತು. ಕೆನೋರಾ ಪಟ್ಟಣದ ಶಾಲೆಯೊಂದರಲ್ಲಿ, ಆಗಿನ ಆಹಾರ ಕಲಬೆರಕೆ ಕಾನೂನಿನ ಪ್ರಕಾರ ಕೆನಡಾದ ಅಂಗಡಿಗಳಲ್ಲಿ ಮಾರುವಂತಿರದ ಒಂದು ಬಲವರ್ಧಿತ ಹಿಟ್ಟನ್ನು ಮಕ್ಕಳಿಗೆ ತಿನ್ನಿಸಲಾಗಿ, ಅವರಲ್ಲಿ ರಕ್ತಹೀನತೆ ಹೆಚ್ಚಾಯಿತು. ಒಸಡಿನ ಸ್ಥಿತಿ ಪೋಷಣೆಯ ಒಂದು ಅಳತೆಗೋಲಾಗಿದ್ದುದರಿಂದ, ಹಲ್ಲಿನ ಚಿಕಿತ್ಸೆ ಕೊಟ್ಟರೆ ಅಂಕಿಅಂಶ ಕೆಡುವುದೆಂದು ಕೆಲವು ಬಗೆಯ ದಂತಚಿಕಿತ್ಸೆಯನ್ನೇ ತಡೆಹಿಡಿಯಲಾಯಿತು. ಇವೆಲ್ಲ ಗುಟ್ಟಾಗಿ ನಡೆದ ಕೃತ್ಯಗಳಲ್ಲ. ಸರ್ಕಾರಿ ಕಡತಗಳಲ್ಲಿ ಟಿಪ್ಪಣಿ, ಸಹಿ, ಮುದ್ರೆಗಳೊಂದಿಗೆ ನಡೆದ ಸಂಶೋಧನೆ. ಮಕ್ಕಳಿಗಾಗಲಿ ತಂದೆತಾಯಿಗಳಿಗಾಗಲಿ ತಿಳಿಸಿದ್ದ ಕುರುಹು ಮಾತ್ರ ಎಲ್ಲೂ ಇಲ್ಲ.

ಇದೇ ಕಾಲಾವಧಿಯಲ್ಲಿ ಮೂಲನಿವಾಸಿಗಳು ತಮ್ಮದೇ ಹಣದಿಂದ ತಮ್ಮ ಪರವಾಗಿ ಅಧ್ಯಯನ ಮಾಡಿಸಿಕೊಳ್ಳಬಹುದಿತ್ತಲ್ಲ ಎಂಬ ಪ್ರಶ್ನೆ ಏಳಬಹುದು. ಆದರೆ ಇಂಡಿಯನ್ ಕಾಯಿದೆಯ 1927ರ ತಿದ್ದುಪಡಿಯ ಪ್ರಕಾರ, ಇಂಡಿಯನ್ ಸಮುದಾಯದ ಹಕ್ಕೊತ್ತಾಯವನ್ನು ಮುಂದುವರಿಸಲೆಂದು ಇಲಾಖೆಯ ಅನುಮತಿಯಿಲ್ಲದೆ ಅವರಿಂದ ಚಂದಾ ಎತ್ತುವುದೇ ದಂಡನಾರ್ಹ ಅಪರಾಧವಾಗಿತ್ತು. ಈ ನಿಷೇಧ 1951ರವರೆಗೆ ಜಾರಿಯಲ್ಲಿತ್ತು. ಉನ್ನತ ಕಲಿಕೆಯ ದಾರಿಯೂ ಸುಗಮವಾಗಿರಲಿಲ್ಲ. 1876ರ ಇಂಡಿಯನ್ ಕಾಯಿದೆಯಂತೆ ವಿಶ್ವವಿದ್ಯಾಲಯದ ಪದವಿ ಪಡೆದವನು, ವೈದ್ಯನೋ ವಕೀಲನೋ ಪಾದ್ರಿಯೋ ಆದವನು ತಾನಾಗಿಯೇ ಇಂಡಿಯನ್ ಸ್ಥಾನಮಾನವನ್ನು ಕಳೆದುಕೊಳ್ಳುತ್ತಿದ್ದನು. ಕೆಲವೇ ವರ್ಷಗಳಲ್ಲಿ ಈ ನಿಯಮದ ಬಿಗಿ ಸಡಿಲವಾಯಿತಾದರೂ, ಓದು ಎಂದರೆ ತನ್ನವರನ್ನು ಬಿಟ್ಟುಹೋಗುವುದು ಎಂಬ ಭಾವನೆ ಕಾನೂನು ಹೋದ ಮೇಲೂ ತಲೆಮಾರುಗಳವರೆಗೆ ಉಳಿಯಿತು. ವಯಸ್ಕರ ಕಲಿಕೆಯ ಕುರಿತ ಯಾವ ಸಂಶೋಧನೆಯೂ ಈ ಹಿನ್ನೆಲೆಯನ್ನು ಬಿಟ್ಟು ಅರ್ಥವಾಗುವಂಥದಲ್ಲ.

ಆ ಭಾವನೆಗೆ ಮೊದಲ ಬಲವಾದ ಉತ್ತರ ಬಂದದ್ದು ವಿಶ್ವವಿದ್ಯಾಲಯದಿಂದಲ್ಲ, ಒಂದು ವಸತಿಶಾಲೆಯ ಕಟ್ಟಡದಿಂದ. ಆಲ್ಬರ್ಟಾದ ಸೇಂಟ್ ಪಾಲ್ ಪಟ್ಟಣದ ಬಳಿಯ ಬ್ಲೂ ಕ್ವಿಲ್ಸ್ ಶಾಲೆಯನ್ನು ಸರ್ಕಾರ ಮುಚ್ಚಲು ಹೊರಟಾಗ, 1970ರ ಜುಲೈಯಲ್ಲಿ ಸುತ್ತಲಿನ ಸಮುದಾಯಗಳ ಜನ ಮಕ್ಕಳು ಮುದುಕರೆನ್ನದೆ ಬಂದು ಅಲ್ಲಿಯೇ ಬೀಡುಬಿಟ್ಟು ಧರಣಿ ಕುಳಿತರು. ಅವರ ಬೇಡಿಕೆ ಶಾಲೆ ಮುಚ್ಚಬೇಕೆಂದಲ್ಲ, ಅದರ ಆಡಳಿತ ತಮ್ಮ ಕೈಗೆ ಬರಬೇಕೆಂದು. ಇಂಡಿಯನ್ ವ್ಯವಹಾರಗಳ ಸಚಿವ ಜಾನ್ ಕ್ರೆತ್ಯೇ ಒಪ್ಪಬೇಕಾಯಿತು. ಕೆನಡಾದಲ್ಲಿ ಮೂಲನಿವಾಸಿಗಳ ಆಡಳಿತಕ್ಕೆ ಬಂದ ಮೊದಲ ವಸತಿಶಾಲೆ ಅದಾಯಿತು. ಮುಂದೆ ಅದು ವಯಸ್ಕರು ಓದುವ ಕಾಲೇಜಾಗಿ, 2015ರಲ್ಲಿ ವಿಶ್ವವಿದ್ಯಾಲಯದ ಹೆಸರನ್ನೂ ಪಡೆಯಿತು. ಧರಣಿಯಾದ ಎರಡು ವರ್ಷಕ್ಕೆ, 1972ರಲ್ಲಿ, ನ್ಯಾಷನಲ್ ಇಂಡಿಯನ್ ಬ್ರದರ್‌ಹುಡ್ ಎಂಬ ರಾಷ್ಟ್ರೀಯ ಸಂಘಟನೆ ಇಂಡಿಯನ್ ಶಿಕ್ಷಣ ಇಂಡಿಯನ್ನರ ಹಿಡಿತದಲ್ಲಿರಬೇಕೆಂಬ ನೀತಿಪತ್ರವನ್ನು ಮಂಡಿಸಿತು. 1976ರಲ್ಲಿ ಸಸ್ಕಾಚೆವಾನ್‌ನಲ್ಲಿ ಮೂಲನಿವಾಸಿಗಳದೇ ಆಡಳಿತದ ಕಾಲೇಜು ಆರಂಭವಾಯಿತು.

ಆರೋಗ್ಯ ಕ್ಷೇತ್ರ ಇಷ್ಟು ಬೇಗ ಬದಲಾಗಲಿಲ್ಲ. 1980ರ ದಶಕದ ಮೊದಲರ್ಧದಲ್ಲಿ ಬ್ರಿಟಿಷ್ ಕೊಲಂಬಿಯಾದ ವ್ಯಾಂಕೂವರ್ ದ್ವೀಪದ ನೂ-ಚಾ-ನುಲ್ತ್ ಜನರಲ್ಲಿ ಸಂಧಿವಾತ ಏಕೆ ಹೆಚ್ಚೆಂದು ತಿಳಿಯಲು ರೈಕ್ ವಾರ್ಡ್ ಎಂಬ ತಳಿವಿಜ್ಞಾನಿ ಸರ್ಕಾರದ ಹಣದಿಂದ ಅಧ್ಯಯನ ಕೈಗೊಂಡರು. 883 ಮಂದಿ ತಮ್ಮ ಮೊಮ್ಮಕ್ಕಳಿಗಾದರೂ ಕೀಲುನೋವು ತಪ್ಪಲೆಂದು ರಕ್ತ ಕೊಟ್ಟರು. ನಿರೀಕ್ಷಿಸಿದ ಆನುವಂಶಿಕ ಸುಳಿವು ಸಿಗಲಿಲ್ಲ. ಆದರೆ ರಕ್ತದ ಮಾದರಿಗಳು ಸಂಶೋಧಕರ ಜೊತೆಯಲ್ಲೇ ಅಮೆರಿಕದ ಯೂಟಾಕ್ಕೂ ಅಲ್ಲಿಂದ ಇಂಗ್ಲೆಂಡಿನ ಆಕ್ಸ್‌ಫರ್ಡಿಗೂ ಪಯಣಿಸಿ, ಪ್ರಾಚೀನ ಮಾನವ ವಲಸೆಯಂತಹ ಬೇರೆ ಬೇರೆ ಅಧ್ಯಯನಗಳಿಗೆ ಬಳಕೆಯಾದವು. ಕೊಟ್ಟವರಿಗೆ ಇದರ ಸುದ್ದಿ ತಿಳಿದದ್ದು ಸುಮಾರು ಎರಡು ದಶಕಗಳ ನಂತರ. ವಾರ್ಡ್ ತೀರಿಕೊಂಡ ಮರುವರ್ಷ, 2004ರಲ್ಲಿ, ರಕ್ತ ಮರಳಿ ಬಂತು; ಅಷ್ಟರಲ್ಲಿ ಆ ಸಮುದಾಯ ಸಂಶೋಧನೆಗೆ ಅನುಮತಿ ಕೊಡುವ ತನ್ನದೇ ನೈತಿಕ ಸಮಿತಿಯನ್ನು ರಚಿಸಿಕೊಂಡಿತ್ತು.

ಮಾಂಟ್ರಿಯಲ್ ನಗರದ ಎದುರುದಡದ ಕಾನಾವಾಕೆ ಎಂಬ ಮೊಹಾಕ್ ನೆಲೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಬೆಳವಣಿಗೆಯಾಯಿತು. ಅಲ್ಲಿನ ಆಸ್ಪತ್ರೆಯ ವೈದ್ಯರಾದ ಲೂಯಿ ಮಾಂಟೂರ್ ಮತ್ತು ಆನ್ ಮೆಕಾಲೆ 1980ರ ದಶಕದ ಮಧ್ಯಭಾಗದಲ್ಲಿ ನಡೆಸಿದ ಅಧ್ಯಯನದಿಂದ ನಡುವಯಸ್ಸಿನವರಲ್ಲಿ ಸಕ್ಕರೆ ಕಾಯಿಲೆ ದೇಶದ ಸರಾಸರಿಯ ದುಪ್ಪಟ್ಟಿರುವುದು ತಿಳಿದುಬಂದು, ಫಲಿತಾಂಶವನ್ನು ಅವರು ಊರವರ ಮುಂದೆಯೇ ಇಟ್ಟರು. ನಮ್ಮ ಕಾಲ ಆಯಿತು, ಮಕ್ಕಳಿಗೆ ಇದು ಬಾರದಂತೆ ಏನಾದರೂ ಮಾಡಿ ಎಂದು ಹಿರಿಯರು ಒತ್ತಾಯಿಸಿದ್ದರಿಂದ 1994ರಲ್ಲಿ ಶಾಲಾಮಕ್ಕಳ ಮಧುಮೇಹ ತಡೆ ಯೋಜನೆ ಆರಂಭವಾಯಿತು. ಊರಿನ ಎರಡು ಪ್ರಾಥಮಿಕ ಶಾಲೆಗಳಲ್ಲಿ ಆರೋಗ್ಯ ಪಾಠಗಳು ಬಂದವು, ಜಂಕ್ ಫುಡ್ ಶಾಲೆಯ ಆವರಣದಿಂದ ಹೊರಬಿತ್ತು, ಊರೊಳಗೆ ನಡೆದಾಡುವ ಹಾದಿಯೊಂದು ಸಿದ್ಧವಾಯಿತು. ಯೋಜನೆಗಾಗಿ ಬರೆದುಕೊಂಡ ಸಂಶೋಧನಾ ನೀತಿಸಂಹಿತೆ ಇನ್ನೂ ದೊಡ್ಡ ಸಾಧನೆ. ಅದರಂತೆ ಯಾವ ಪ್ರಬಂಧವೂ ಊರಿನ ಸಲಹಾ ಮಂಡಳಿ ನೋಡದೆ ಪ್ರಕಟವಾಗುವಂತಿಲ್ಲ. ಫಲಿತಾಂಶದ ಅರ್ಥದ ಬಗ್ಗೆ ವಿಜ್ಞಾನಿಗೂ ಊರಿಗೂ ಭಿನ್ನಾಭಿಪ್ರಾಯ ಬಂದರೆ ಯಾರೂ ಇನ್ನೊಬ್ಬರ ಬಾಯಿ ಮುಚ್ಚಿಸುವಂತಿಲ್ಲ, ಎರಡೂ ಅಭಿಪ್ರಾಯಗಳು ಜೊತೆಯಾಗಿ ಅಚ್ಚಾಗಬೇಕು. ಮೂರು ವರ್ಷಗಳ ಒಕ್ಕೂಟ ಅನುದಾನ 1997ರಲ್ಲಿ ಮುಗಿದಾಗ ಯೋಜನೆ ನಿಲ್ಲಲಿಲ್ಲವೆಂಬುದು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ವಿಷಯ: ಊರಿನ ಸಂಸ್ಥೆಗಳೂ ಖಾಸಗಿ ಪ್ರತಿಷ್ಠಾನಗಳೂ ಖರ್ಚು ಹೊತ್ತು, ಮುಂದಿನ ಸರ್ಕಾರಿ ಅನುದಾನ ಬರುವವರೆಗೆ ಅದನ್ನು ಉಳಿಸಿಕೊಂಡವು. ಬೇರೆಡೆ ಹಣ ನಿಂತೊಡನೆ ಕೆಲಸವೂ ನಿಂತ ಉದಾಹರಣೆಗಳೇ ಹೆಚ್ಚಾಗಿರುವಾಗ ಇದು ಅಪವಾದವೆಂದೇ ಹೇಳಬೇಕು.

ಮೊಹಾಕ್ ಜನರ ಭೂಮಿಯ ವಿವಾದದಿಂದ ಎದ್ದ 1990ರ ಓಕಾ ಸಂಘರ್ಷದ ನಂತರ ಮೂಲನಿವಾಸಿಗಳ ಕುರಿತು ನೇಮಕವಾದ ರಾಯಲ್ ಆಯೋಗ 1996ರಲ್ಲಿ ಐದು ಸಂಪುಟಗಳ ವರದಿ ಕೊಟ್ಟಿತು. ತಾನು ಮಾಡಿಸಿದ ನೂರಾರು ಅಧ್ಯಯನಗಳಿಗಾಗಿ ಆಯೋಗ ಮೊದಲೇ ರಚಿಸಿಕೊಂಡಿದ್ದ ನೈತಿಕ ಮಾರ್ಗಸೂಚಿ ಮುಂದಿನ ಅನುದಾನ ನಿಯಮಗಳಿಗೆ ಒಂದು ಮೂಲವಾಯಿತು. ಆ ಹೊತ್ತಿಗೆ ಕೆನಡಾದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆ ಮೀಸಲು ಪ್ರದೇಶಗಳ ನಿವಾಸಿಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ; ಆ ಕೊರತೆ ತುಂಬಲು 1997ರಲ್ಲಿ ಸಮುದಾಯಗಳೇ ನಡೆಸಿದ ಪ್ರಾದೇಶಿಕ ಆರೋಗ್ಯ ಸಮೀಕ್ಷೆಯ ಸಮಿತಿಯಲ್ಲಿ, 1998ರಲ್ಲಿ, ‘ಓಕ್ಯಾಪ್’ ಎಂಬ ಸೂತ್ರ ರೂಪುಗೊಂಡಿತು. ಮಾಹಿತಿಯ ಒಡೆತನ, ಅದರ ಮೇಲಿನ ನಿಯಂತ್ರಣ, ಅದು ಬೇಕಾದಾಗ ಕೈಗೆ ಸಿಗುವ ಹಕ್ಕು, ಭೌತಿಕವಾಗಿ ಅದನ್ನು ತಮ್ಮಲ್ಲೇ ಇರಿಸಿಕೊಳ್ಳುವ ಸ್ವಾಧೀನ, ಈ ನಾಲ್ಕೂ ಸಮುದಾಯದ್ದಾಗಿರಬೇಕೆಂಬುದು ಅದರ ತಿರುಳು. ಹಕ್ಕಿನ ಭಾಷೆಯಲ್ಲಿದ್ದರೂ ಅದು ತೀರ ವ್ಯಾವಹಾರಿಕವಾದ ಮಾತು. ಆಕ್ಸ್‌ಫರ್ಡಿನ ಶೀತಪೆಟ್ಟಿಗೆಯಲ್ಲಿದ್ದ ರಕ್ತದ ವಿಷಯದಲ್ಲಿ ನಾಲ್ಕನೆಯ ಅಂಶವೇ ನಿರ್ಣಾಯಕವೆಂದು ಕೆಲವೇ ವರ್ಷಗಳಲ್ಲಿ ತಿಳಿದುಬಂತು.

2000ದ ಜೂನ್‌ನಲ್ಲಿ ಹಳೆಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಗದಲ್ಲಿ ಕೆನಡಾ ಆರೋಗ್ಯ ಸಂಶೋಧನಾ ಸಂಸ್ಥೆಗಳು ಎಂಬ ಹೊಸ ವ್ಯವಸ್ಥೆ ಬಂತು. ಅದರಡಿಯ 13 ಸಂಸ್ಥೆಗಳಲ್ಲಿ ಒಂದು ಮೂಲನಿವಾಸಿಗಳ ಆರೋಗ್ಯಕ್ಕೇ ಮೀಸಲಾಗಿ, ಮೊಹಾಕ್ ಮೂಲದ ಜೆಫ್ ರೀಡಿಂಗ್ ಅದರ ಮೊದಲ ವೈಜ್ಞಾನಿಕ ನಿರ್ದೇಶಕರಾದರು. ಹೃದ್ರೋಗಕ್ಕೆ, ಕ್ಯಾನ್ಸರಿಗೆ ಇದ್ದ ಸ್ಥಾನವೇ ಒಂದು ಜನವರ್ಗದ ಆರೋಗ್ಯಕ್ಕೂ ದೊರೆಯಿತು. ಮರುವರ್ಷದಿಂದಲೇ ಅದು ದೇಶದ ಬೇರೆ ಬೇರೆ ಕಡೆ ಸಂಶೋಧನಾ ಕೇಂದ್ರಗಳಿಗೆ ಹಣ ಕೊಟ್ಟಿತು. ಈ ಕೇಂದ್ರಗಳ ಮುಖ್ಯ ಉದ್ದೇಶ ಪ್ರಬಂಧ ಬರೆಯುವುದಕ್ಕಿಂತ ಮೂಲನಿವಾಸಿ ಸಂಶೋಧಕರನ್ನು ತಯಾರು ಮಾಡುವುದಾಗಿತ್ತು: ವಿದ್ಯಾರ್ಥಿವೇತನ, ಸಮುದಾಯದ ಜೊತೆ ಮಾತುಕತೆಗೆ ಬೀಜಧನ, ಅರ್ಜಿ ಬರೆಯುವುದರಲ್ಲಿ ನೆರವು. ಸಮಾಜವಿಜ್ಞಾನ ಮತ್ತು ಮಾನವಿಕ ಸಂಶೋಧನಾ ಮಂಡಳಿಯೂ 2004ರಲ್ಲಿ ಪ್ರಾಯೋಗಿಕವಾಗಿ ಇಂಥದೇ ಅನುದಾನವನ್ನು ಪ್ರಾರಂಭಿಸಿತು.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆದರೂ ಹೆಚ್ಚು ಆಳವಾದದ್ದು. ಕೆನಡಾ ಆರೋಗ್ಯ ಸಂಶೋಧನಾ ಸಂಸ್ಥೆಗಳು 2007ರಲ್ಲಿ ಇಂಥ ಸಂಶೋಧನೆಗೆ ಮಾರ್ಗಸೂಚಿ ಹೊರಡಿಸಿದವು; 2010ರಲ್ಲಿ ಸಂಶೋಧನೆಗೆ ಹಣ ಕೊಡುವ ಮೂರು ರಾಷ್ಟ್ರೀಯ ಮಂಡಳಿಗಳ ಸಂಶೋಧನಾ ನೀತಿಸಂಹಿತೆಯ ಒಂಬತ್ತನೆಯ ಅಧ್ಯಾಯ ಮೂಲನಿವಾಸಿಗಳಿಗೆ ಮೀಸಲಾಗಿ, ಸಮುದಾಯದ ಪಾಲ್ಗೊಳ್ಳುವಿಕೆಯನ್ನು ಕಡ್ಡಾಯದ ಅಂಚಿಗೆ ತಂದಿತು. ಇದು ಸಂಸತ್ತು ಮಾಡಿದ ಕಾನೂನಲ್ಲ. ಪಾಲಿಸದಿದ್ದರೆ ವಿಶ್ವವಿದ್ಯಾಲಯದ ಅನುದಾನಕ್ಕೇ ಧಕ್ಕೆಯಾಗುತ್ತದೆಂಬ ಭಯವೇ ಅದರ ಬಲ. ಒಂದು ಕಾಲದಲ್ಲಿ ಮಕ್ಕಳ ಹಾಲನ್ನು ತಡೆಹಿಡಿದ ಅದೇ ಖಜಾನೆ ಈಗ ಸಂಶೋಧಕನ ಕೈ ಹಿಡಿದು ನಿಲ್ಲಿಸಿತೆಂದರೆ ಉತ್ಪ್ರೇಕ್ಷೆಯಾಗದು. ಹಿರಿಯರಿಗೆ ಗೌರವಧನ, ಸಂಪ್ರದಾಯದಂತೆ ಕಾಣಿಕೆಯಾಗಿ ಕೊಡುವ ಹೊಗೆಸೊಪ್ಪು ಇವು ಕೂಡ ಕ್ರಮೇಣ ಅನುದಾನದಲ್ಲಿ ಒಪ್ಪಿತವಾದ ಖರ್ಚುಗಳಾದವು.

ವಯಸ್ಕರ ಕಲಿಕೆಯ ಕಥೆ ಚಿಕ್ಕದು, ಆದರೆ ಕುತೂಹಲಕರ. 2004ರಲ್ಲಿ ಒಕ್ಕೂಟ ಸರ್ಕಾರದ 8.5 ಕೋಟಿ ಡಾಲರ್‌ಗಳ ಐದು ವರ್ಷದ ಅನುದಾನದಿಂದ ಕೆನಡಾ ಕಲಿಕಾ ಪರಿಷತ್ತು ಸ್ಥಾಪನೆಯಾಗಿ, ಐದು ಪ್ರದೇಶಗಳಲ್ಲಿ ಐದು ಜ್ಞಾನಕೇಂದ್ರಗಳನ್ನು ತೆರೆಯಿತು. ಅಟ್ಲಾಂಟಿಕ್ ಕರಾವಳಿಯದು ವಯಸ್ಕರ ಕಲಿಕೆಗೆ, ಪಶ್ಚಿಮ ಕರಾವಳಿಯದು ಆರೋಗ್ಯ ಮತ್ತು ಕಲಿಕೆಗೆ, ಹುಲ್ಲುಗಾವಲು ಪ್ರಾಂತ್ಯಗಳದು ಮೂಲನಿವಾಸಿ ಕಲಿಕೆಗೆ ಮೀಸಲಾಗಿದ್ದವು. ಈ ಮೂರರ ನಡುವೆ ಮೊದಲ ಬಾರಿಗೆ ಒಂದು ಸಂಬಂಧ ಕುದುರಿತು: ಔಷಧದ ಚೀಟಿ ಓದಲಾಗದ ಮಧುಮೇಹಿಯ ಸಮಸ್ಯೆ ಆಸ್ಪತ್ರೆಯದೋ ಶಾಲೆಯದೋ ಎಂದು ಹಂಚಿಹಾಕದೆ ನೋಡುವ ಅವಕಾಶ ಒದಗಿತು. ಸಸ್ಕಾಚೆವಾನ್ ವಿಶ್ವವಿದ್ಯಾಲಯದಲ್ಲಿ ಮಿಕ್‌ಮಾ ಜನಾಂಗದ ವಿದುಷಿ ಮರೀ ಬ್ಯಾಟಿಸ್ಟ್ ಅವರಂಥವರು ಈ ಕೆಲಸದಲ್ಲಿದ್ದರು. 2007ರಲ್ಲಿ ಪರಿಷತ್ತು ಸಮುದಾಯಗಳೊಂದಿಗೆ ಕೂಡಿ ಜೀವನಪರ್ಯಂತ ಕಲಿಕೆಯ ಮೂರು ಮಾದರಿಗಳನ್ನು ಸಿದ್ಧಪಡಿಸಿತು. ಫಸ್ಟ್ ನೇಷನ್ಸ್ ಮತ್ತು ಮೇಟಿ ಮಾದರಿಗಳು ಮರದ ಚಿತ್ರಗಳು. ಇನೂಯಿಟ್ ಮಾದರಿಯಲ್ಲಿ ಕಂಬಳಿಯೊಂದನ್ನು ಸುತ್ತಲಿಂದ ಹಿಡಿದು ನಡುವೆ ನಿಂತವನನ್ನು ಮೇಲಕ್ಕೆ ಚಿಮ್ಮಿಸುವ ಅವರ ಸಾಂಪ್ರದಾಯಿಕ ಆಟವಿದೆ. ಇವು ಬರಿಯ ಅಲಂಕಾರಗಳಾಗಿ ಉಳಿಯಲಿಲ್ಲ. 2009ರ ವರದಿ ಇದೇ ಮಾದರಿಗಳ ಆಧಾರದಲ್ಲಿ, ಪದವಿ ಪಡೆದವರೆಷ್ಟು ಬಿಟ್ಟವರೆಷ್ಟು ಎಂಬ ಹಳೆಯ ಲೆಕ್ಕದ ಜೊತೆಗೆ, ಹಿರಿಯರ ಜೊತೆ ಕಳೆದ ಸಮಯ, ಬೇಟೆ, ಮೀನುಗಾರಿಕೆ, ಹಣ್ಣು ಆಯುವುದು ಇವನ್ನೂ ಕಲಿಕೆಯೆಂದು ಎಣಿಸಿತು. ಶಾಲೆ ಬಿಟ್ಟವರ ಸಮುದಾಯವೆಂದು ಅಲ್ಲಿಯವರೆಗೆ ದಾಖಲಾಗಿದ್ದವರು ಆ ಕೋಷ್ಟಕಗಳಲ್ಲಿ ನಿರಂತರ ಕಲಿಯುವವರಾಗಿ ಕಾಣಿಸಿಕೊಂಡರು.

ಭಾರತದಂತೆಯೇ ಕೆನಡಾದಲ್ಲೂ ಸರ್ಕಾರದ ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅನುದಾನ ನಂಬಿದ ಸಂಸ್ಥೆಗಳಿಗೆ ಅಲ್ಲಿಯೂ ಅದು ಎದೆ ನಡುಗಿಸುವ ತಾರೀಖು. 2010ರ ಮಾರ್ಚ್ 31ರಂದು ಕಲಿಕಾ ಪರಿಷತ್ತಿನ ಒಕ್ಕೂಟ ಅನುದಾನ ನಿಂತು, ಹೇಗೋ ಎರಡು ವರ್ಷ ನೂಕಿ ಅದು 2012ರಲ್ಲಿ ಬಾಗಿಲು ಹಾಕಿತು. ಅದೇ 2012ರಲ್ಲಿ, 2000ದಲ್ಲಿ ಹುಟ್ಟಿದ್ದ ರಾಷ್ಟ್ರೀಯ ಮೂಲನಿವಾಸಿ ಆರೋಗ್ಯ ಸಂಘಟನೆಯೂ ಹಣವಿಲ್ಲದೆ ಮುಚ್ಚಿತು. ವಸತಿಶಾಲೆಗಳ ಗಾಯ ಮಾಯಿಸಲೆಂದು 1998ರಲ್ಲಿ 35 ಕೋಟಿ ಡಾಲರ್‌ಗಳಿಂದ ಆರಂಭವಾಗಿದ್ದ ಪ್ರತಿಷ್ಠಾನ 2014ರಲ್ಲಿ ಕೊನೆಗೊಂಡಿತು. ಆರೋಗ್ಯ ಸಂಸ್ಥೆಯ ಪ್ರಾದೇಶಿಕ ಕೇಂದ್ರಗಳ ಅನುದಾನವೂ ಅದೇ ವರ್ಷ ಮುಗಿಯಿತು. ಇವುಗಳಲ್ಲಿ ಯಾವುದನ್ನೂ ಕೆಲಸ ಕೆಟ್ಟಿತೆಂಬ ಕಾರಣಕ್ಕೆ ಮುಚ್ಚಲಿಲ್ಲ. ಪ್ರಧಾನಿ ಸ್ಟೀಫನ್ ಹಾರ್ಪರ್ ಸರ್ಕಾರದ ಮಿತವ್ಯಯ ಇದಕ್ಕೆ ಹತ್ತಿರದ ಕಾರಣವಾದರೂ, ಇವುಗಳಲ್ಲಿ ಹೆಚ್ಚಿನವು ಹುಟ್ಟುವಾಗಲೇ ಅವಧಿ ನಿಗದಿಯಾಗಿದ್ದ ಸಂಸ್ಥೆಗಳೆಂಬುದು ದೂರದ ಕಾರಣ. ಸಂಶೋಧಕರು ಒಂದು ಊರಿನ ನಂಬಿಕೆ ಗಳಿಸುವ ಹೊತ್ತಿಗೆ ಅನುದಾನದ ಅವಧಿ ಮುಗಿದಿರುತ್ತಿತ್ತು.

ಆಮೇಲೆ ಕೆನಡಾ ಆರೋಗ್ಯ ಸಂಶೋಧನಾ ಸಂಸ್ಥೆಗಳ ಅರ್ಜಿ ವಿಮರ್ಶಾ ಪದ್ಧತಿಯನ್ನೇ ಬದಲಿಸಿದಾಗ, ಸಣ್ಣ ಸಮುದಾಯಗಳ ಜೊತೆ ನಿಧಾನವಾಗಿ ಕೆಲಸ ಮಾಡುವವರು ದೊಡ್ಡ ಪ್ರಯೋಗಾಲಯಗಳ ಎದುರು ಸ್ಪರ್ಧಿಸಲಾಗದೆ ಹಿಂದೆ ಬಿದ್ದರು. ಮೂಲನಿವಾಸಿ ಸಂಶೋಧಕರ ಪ್ರತಿಭಟನೆಯ ಫಲವಾಗಿ ವಾರ್ಷಿಕ ಅನುದಾನದ ಕನಿಷ್ಠ ಶೇಕಡಾ 4.6ರಷ್ಟನ್ನು ಈ ಕ್ಷೇತ್ರಕ್ಕೆ ಮುಟ್ಟಿಸುವ ಗುರಿಯನ್ನು ಸಂಸ್ಥೆ ಒಪ್ಪಿಕೊಂಡಿತು. 2020ರಲ್ಲಿ ಒಂಬತ್ತು ಪ್ರಾದೇಶಿಕ ಜಾಲಗಳು ಮತ್ತೆ ಆರಂಭವಾದವು. ಅವಕ್ಕೆ ನಿಗದಿಯಾದ ಮೊತ್ತ 10.08 ಕೋಟಿ ಡಾಲರ್, ಅವಧಿ 16 ವರ್ಷ. ಡಾಲರಿನ ಸಂಖ್ಯೆಗಿಂತ ವರ್ಷದ ಸಂಖ್ಯೆಯೇ ಇಲ್ಲಿ ಹೆಚ್ಚು ಮಹತ್ವದ್ದು. ಉತ್ತರದಲ್ಲಿ ಇನೂಯಿಟ್ ಸಂಘಟನೆ 2018ರಲ್ಲಿ ತನ್ನದೇ ರಾಷ್ಟ್ರೀಯ ಸಂಶೋಧನಾ ಕಾರ್ಯನೀತಿಯನ್ನು ಹೊರತಂದು, ತಮ್ಮ ನೆಲದ ಅಧ್ಯಯನಕ್ಕೆ ಬರುವ ಹಣದ ಮೇಲೆ ತಮಗೂ ಅಧಿಕಾರವಿರಬೇಕೆಂದು ಕೇಳಿತು. ಹಣ ನಿಜವಾದ ಮೂಲನಿವಾಸಿಗಳನ್ನೇ ತಲುಪುತ್ತಿದೆಯೇ ಎಂಬ ಹೊಸ ಕಗ್ಗಂಟು 2021ರಲ್ಲಿ ಎದ್ದಿತು. ಮೂಲನಿವಾಸಿ ಆರೋಗ್ಯ ಸಂಸ್ಥೆಯ ಆಗಿನ ವೈಜ್ಞಾನಿಕ ನಿರ್ದೇಶಕಿಯ ವಂಶಮೂಲದ ಬಗ್ಗೆ ಮಾಧ್ಯಮಗಳು ಪ್ರಶ್ನೆಯೆತ್ತಿ ಅವರು ಹುದ್ದೆಯಿಂದ ದೂರವಾದ ಮೇಲೆ, ಸ್ವಯಂಘೋಷಣೆ ಸಾಕೇ, ಸಮುದಾಯದ ದೃಢೀಕರಣ ಬೇಕೇ ಎಂಬ ಚರ್ಚೆ ವಿಶ್ವವಿದ್ಯಾಲಯಗಳಿಗೂ ಹಬ್ಬಿತು.

ಆರೋಗ್ಯ ಸಂಶೋಧನೆ ಹೀಗೆ ಬಿದ್ದು ಎದ್ದು ನಿಂತಿದ್ದರೂ ವಯಸ್ಕರ ಕಲಿಕೆಗೆ ಅಂಥ ಪುನರ್ಜನ್ಮ ಸಿಗಲಿಲ್ಲ. 2019ರಲ್ಲಿ ಆರಂಭವಾದ ಭವಿಷ್ಯದ ಕೌಶಲಗಳ ಕೇಂದ್ರ ಮೂಲನಿವಾಸಿಗಳನ್ನೂ ಗಮನದಲ್ಲಿಟ್ಟುಕೊಂಡಿದೆಯಾದರೂ ಅದರ ಹೆಸರೇ ಸೂಚಿಸುವಂತೆ ಅದರ ಕಾಳಜಿ ಉದ್ಯೋಗದ ಕೌಶಲ. ಹಣ್ಣು ಆಯುವುದನ್ನೂ ಹಿರಿಯರ ಮಾತನ್ನೂ ಕಲಿಕೆಯೆಂದು ಎಣಿಸಿದ 2009ರ ಲೆಕ್ಕ ಅದರ ವ್ಯಾಪ್ತಿಯೊಳಗೆ ಬರುವಂಥದಲ್ಲ.